ಮಂಗಳೂರು ಸುತ್ತಲು ಕ್ಯಾಂಪರ್ ವ್ಯಾನೋ (ಒಳಗೇ ಮಲಗಲು ಜಾಗವಿರುವ ವ್ಯಾನ್), ಲಾಡ್ಜ್ ರೂಮೋ?

ಪೇಟೆ ನೋಡೋದಾದರೆ ಲಾಡ್ಜೇ ಸರಿ. ಪೇಟೆ ನಡುವಿನ ಹಂಪನಕಟ್ಟೆಯಲ್ಲಿ ಕಾರು ನಿಲ್ಲಿಸಲೇ ಜಾಗ ಹುಡುಕಬೇಕು, ಅಷ್ಟುದ್ದದ ವ್ಯಾನ್ ಎಲ್ಲಿ ನಿಲ್ಲಿಸ್ತೀರಿ? ರಥಬೀದಿಗಂತೂ ತರಲೇಬೇಡಿ. ರೂಮಿನಲ್ಲಿ ಬ್ಯಾಗ್ ಇಟ್ಟು ಸಿಟಿ ಬಸ್ಸೋ ರಿಕ್ಷಾವೋ ಹತ್ತಿದರೆ ಕದ್ರಿ ದೇವಸ್ಥಾನ, ಅಲೋಶಿಯಸ್ ಚಾಪೆಲ್ ಎರಡನ್ನೂ ಆರಾಮಾಗಿ ನೋಡಬಹುದು.

ಆಮೇಲೆ ಸೆಖೆ. ಏಪ್ರಿಲ್, ಮೇನಲ್ಲಿ ರಾತ್ರಿಯೂ ಬೆವರು ಆರೋದಿಲ್ಲ. ವ್ಯಾನಿನ ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ದಿಂಬೇ ಒದ್ದೆ. ಎಸಿ ಓಡಿಸಲು ಕರೆಂಟ್ ಸಿಗುವ ಜಾಗವೇ ಬೇಕು. ಜೂನ್ ಬಂತೆಂದರೆ ಮಳೆ.

ಡಿಸೆಂಬರ್, ಜನವರಿಯಲ್ಲಿ ಪಣಂಬೂರಿನಿಂದ ಹೆದ್ದಾರಿ 66 ಹಿಡಿದು ಕಾಪು, ಮಲ್ಪೆ ಬೀಚುಗಳ ಕಡೆ ಹೊರಟರೆ ಮಾತ್ರ ನಾನು ವ್ಯಾನನ್ನೇ ಆರಿಸುತ್ತೇನೆ. ದಿನಾ ಗಂಟುಮೂಟೆ ಕಟ್ಟುವ ಕೆಲಸ ಇಲ್ಲ, ಅಲ್ವಾ? ರಾತ್ರಿ ನಿಲ್ಲಿಸುವ ಮೊದಲು ಜಾಗದವರನ್ನು ಕೇಳಿಕೊಳ್ಳಿ. ಮರಳಿಗೆ ಚಕ್ರ ಇಳಿಸಬೇಡಿ.