ರಾಜನ ಕಡಲು, ಗಿರಣಿಯವರ ಕಡಲು: ಬ್ರೈಟನ್ ಮತ್ತು ಬ್ಲ್ಯಾಕ್‌ಪೂಲ್

ಆಯಿ ಅಂಕೋಲೆಯಿಂದ ಬರ್ಮಿಂಗ್‌ಹ್ಯಾಮಿಗೆ ಬಂದು ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ಕಿಟಕಿಯ ಬಳಿ ನಿಂತು, "ತಮಾ, ಈ ಊರಿಗೆ ಕಡಲು ಯಾವ ದಿಕ್ಕಿಗಿದೆ?" ಎಂದು ಕೇಳಿದಳು. ಹುಟ್ಟಿದಾಗಿನಿಂದ ಪಡುವಣದ ಕಡಲನ್ನು ನೋಡಿಕೊಂಡೇ ದಿಕ್ಕು ಹೇಳಿದವಳು ಅವಳು. ಬರ್ಮಿಂಗ್‌ಹ್ಯಾಮ್ ಇರುವುದು ಇಂಗ್ಲೆಂಡಿನ ನಟ್ಟನಡುವೆ. ಎತ್ತ ಹೊರಟರೂ ಕಡಲು ದೂರ. ಆ ಬೇಸಿಗೆಯಲ್ಲಿ ಅವಳನ್ನೂ ನನ್ನ ಮಗಳನ್ನೂ ಎರಡು ಕಡಲೂರುಗಳಿಗೆ ಕರೆದುಕೊಂಡು ಹೋದೆ. ಜೂನ್ ಕೊನೆಗೆ ದಕ್ಷಿಣದ ಬ್ರೈಟನ್, ಸೆಪ್ಟೆಂಬರಿನಲ್ಲಿ ವಾಯವ್ಯದ ಬ್ಲ್ಯಾಕ್‌ಪೂಲ್. ಎರಡು ಕಡೆಯೂ ಒಂದೊಂದು ರಾತ್ರಿ ಉಳಿದೆವು.

ಊರಿನಿಂದ ತಂದೆ ತಾಯಿ ಬಂದಾಗ ಇವೆರಡರಲ್ಲಿ ಯಾವುದಕ್ಕೆ ಹೋಗಬೇಕೆಂದು ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಲೇ ಇರುತ್ತಾರೆ. ಹೆಚ್ಚಿನವರು ಕಣ್ಣುಮುಚ್ಚಿ ಬ್ರೈಟನ್ ಅನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಪ್ರಯಾಣದ ಮಾತು ಬೇಗ ಮುಗಿಯುತ್ತದೆ. ಲಂಡನ್ನಿನಲ್ಲಿ ಇರುವವರಿಗೆ ಬ್ರೈಟನ್ ವಿಕ್ಟೋರಿಯಾ ನಿಲ್ದಾಣದಿಂದ ಒಂದು ತಾಸಿನ ದಾರಿ, ಬ್ಲ್ಯಾಕ್‌ಪೂಲ್ ಸುಮಾರು ಮೂರು ತಾಸು. ನಮಗೆ ಲೆಕ್ಕ ತಿರುಗುಮುರುಗು. ಬರ್ಮಿಂಗ್‌ಹ್ಯಾಮಿನಿಂದ ಪ್ರೆಸ್ಟನ್ನಿಗೆ ಹೋಗಿ ರೈಲು ಬದಲಿಸಿದರೆ ಅರ್ಧ ತಾಸಿನಲ್ಲಿ ಬ್ಲ್ಯಾಕ್‌ಪೂಲ್. ಬ್ರೈಟನ್ನಿಗಾದರೆ ಲಂಡನ್ನಿನಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು ನೆಲದಡಿಯ ರೈಲು ಹಿಡಿದು, ಇನ್ನೊಂದು ನಿಲ್ದಾಣಕ್ಕೆ ಹೋಗಬೇಕು. ಬ್ರೈಟನ್ನಿನಲ್ಲಿ ನಿಲ್ದಾಣದಿಂದ ಹೊರಗೆ ಬಂದರೆ ರಸ್ತೆ ನೇರವಾಗಿ ಇಳಿಯುತ್ತದೆ, ಕೊನೆಯಲ್ಲಿ ಕಡಲಿನ ನೀಲಿ ತುಂಡೊಂದು ಕಾಣುತ್ತದೆ. ಅದೊಂದು ಸುಖ. ಆದರೆ ಸಂಜೆ ದಣಿದು ಬರುವಾಗ ಅದೇ ರಸ್ತೆ ಏರು. ಬ್ಲ್ಯಾಕ್‌ಪೂಲ್ ಚಪ್ಪಟೆ ಊರು. 2024ರಿಂದ ರೈಲು ನಿಲ್ದಾಣದ ಹತ್ತಿರದವರೆಗೂ ಟ್ರಾಮ್ ಬರುತ್ತದೆ. ಮೊಣಕಾಲು ನೋವಿನವರು ಜೊತೆಗಿದ್ದರೆ ಇದು ಸಣ್ಣ ಸಂಗತಿಯಲ್ಲ.

ಇನ್ನು ಕಡಲು. ಬ್ರೈಟನ್ನಿನಲ್ಲಿ ಮರಳಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಚಿತ್ರಗಳಲ್ಲಿ ಅದು ಗೊತ್ತಾಗುವುದಿಲ್ಲ. ಇರುವುದೆಲ್ಲ ನುಣುಪಾದ ಬೆಣಚು ಉಂಡೆಗಳು. ಆ ಸೀಮೆಯ ದಿಬ್ಬಗಳು ಸೀಮೆಸುಣ್ಣದವು. ಅಲೆ ಬಡಿದು ಸುಣ್ಣ ಕರಗುತ್ತದೆ, ಅದರೊಳಗೆ ಹುದುಗಿದ್ದ ಗಟ್ಟಿ ಕಲ್ಲು ಉಳಿದು ಉರುಳುತ್ತ ಉರುಳುತ್ತ ಗುಂಡಗಾಗುತ್ತದೆ. ಆಯಿ ಚಪ್ಪಲಿ ಬಿಟ್ಟು ನೀರಿಗಿಳಿಯಲು ಹೊರಟವಳು ಹತ್ತು ಹೆಜ್ಜೆಗೆ ನಿಂತಳು. ಅಂಗಾಲಿಗೆ ಒತ್ತುತ್ತದೆ, ಮೊಣಕಾಲು ನಿಲ್ಲುವುದಿಲ್ಲ, ದಂಡೆ ಬೇರೆ ಇಳಿಜಾರು. ಮಗಳು ಮನೆಯಿಂದ ತಂದಿದ್ದ ಬಕೆಟ್ಟು ಸಲಿಕೆಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಒಂದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ: ಆ ಕಡಲಿನ ಸದ್ದು ನಾನು ಬೇರೆಲ್ಲೂ ಕೇಳಿದ್ದಲ್ಲ. ಅಲೆ ಹಿಂದಕ್ಕೆ ಸರಿಯುವಾಗ ಸಾವಿರಾರು ಕಲ್ಲುಗಳು ಒಟ್ಟಿಗೆ ಉರುಳುತ್ತವೆ, ಮೊರದಲ್ಲಿ ಅಡಿಕೆ ಹೊರಳಿಸಿದ ಹಾಗೆ. ಆಯಿ ಕಣ್ಣುಮುಚ್ಚಿ ಬಹಳ ಹೊತ್ತು ಅದನ್ನೇ ಕೇಳುತ್ತ ಕುಳಿತಳು.

ಬ್ಲ್ಯಾಕ್‌ಪೂಲಿನದು ಮರಳು. ಉದ್ದಕ್ಕೂ ಹಾಸಿದ, ಒದ್ದೆಯಾದರೆ ಗಟ್ಟಿಯಾಗುವ, ನಡೆಯಲು ಹೇಳಿಮಾಡಿಸಿದ ಮರಳು. ಆದರೆ ಅಲ್ಲಿ ನೀರು ಊರಿನ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಅಂಕೋಲೆ, ಕಾರವಾರಗಳಲ್ಲಿ ಭರತಕ್ಕೂ ಇಳಿತಕ್ಕೂ ಸುಮಾರು ಒಂದಾಳೆತ್ತರದ ಅಂತರ. ಐರಿಷ್ ಕಡಲಿನ ಈ ದಂಡೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಅದು ಎಂಟು ಮೀಟರಿನಷ್ಟು. ಬೆಳಿಗ್ಗೆ ನಾವು ನೋಡಿದಾಗ ನೀರು ಎಲ್ಲೋ ದೂರದಲ್ಲಿ ಗೆರೆಯಾಗಿತ್ತು, ದಂಡೆಯಿಂದ ಕಡಲೊಳಕ್ಕೆ ಚಾಚಿದ ಅಟ್ಟದ ಸೇತುವೆಯ, ಅಂದರೆ ಪಿಯರಿನ, ಕಬ್ಬಿಣದ ಕಾಲುಗಳು ಬುಡದವರೆಗೂ ಬತ್ತಲಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಮರಳೇ ಇರಲಿಲ್ಲ. ಅಲೆ ಕಲ್ಲುಮೆಟ್ಟಿಲಿಗೆ ಬಡಿಯುತ್ತಿತ್ತು. ಹೋಗುವ ಮುಂಚೆ ಭರತದ ಸಮಯವನ್ನು ನೋಡಿಕೊಳ್ಳಿ, ಇಳಿತ ಶುರುವಾದ ಮೇಲೆ ಮಕ್ಕಳನ್ನು ಇಳಿಸಿ. ಆಯಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ಒಂದು ಪಿಯರಿನಿಂದ ಇನ್ನೊಂದರವರೆಗೆ ನಡೆದಳು. ನೀರು ಕೊರೆಯುವಷ್ಟು ತಣ್ಣಗಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಮಗಳಿಗೆ ಅಲ್ಲಿ ಸಿಕ್ಕಿದ್ದು ಕತ್ತೆಸವಾರಿ. ಹಣೆಪಟ್ಟಿಯ ಮೇಲೆ ಹೆಸರು ಬರೆದ ಕತ್ತೆಗಳು ಸಾಲಾಗಿ ನಿಂತಿರುತ್ತವೆ. ಅವುಗಳಿಗೆ ದುಡಿಮೆಯ ಹೊತ್ತು, ಊಟದ ಬಿಡುವು, ವಾರದ ರಜೆ ಎಲ್ಲವೂ ನಗರಾಡಳಿತದ ನಿಯಮದ ಪ್ರಕಾರ. ರಜೆ ಶುಕ್ರವಾರ. ಮಕ್ಕಳಿಗೆ ಸವಾರಿಯ ಆಸೆ ತೋರಿಸಿದ್ದರೆ ಶುಕ್ರವಾರ ಹೋಗಬೇಡಿ.

ಪಿಯರುಗಳ ವಿಷಯಕ್ಕೆ ಬಂದರೆ, ಬ್ರೈಟನ್ನಿನಲ್ಲಿ ಬಳಕೆಯಲ್ಲಿರುವುದು ಒಂದೇ, 1899ರಲ್ಲಿ ತೆರೆದ ಪ್ಯಾಲೇಸ್ ಪಿಯರ್. ಅರ್ಧ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದ, ತುದಿಯಲ್ಲಿ ತೊಟ್ಟಿಲು ತಿರುಗಣೆಗಳು. ಅದರ ಪಶ್ಚಿಮಕ್ಕೆ, 1866ರ ವೆಸ್ಟ್ ಪಿಯರಿನ ಸುಟ್ಟುಳಿದ ಅಸ್ಥಿಪಂಜರ ನೀರಿನ ನಡುವೆ ನಿಂತಿದೆ. ಸಂಜೆ ಹೊತ್ತಿಳಿಯುವಾಗ ಅದನ್ನು ನೋಡಬೇಕು. ಬ್ಲ್ಯಾಕ್‌ಪೂಲಿನಲ್ಲಿ ಮೂರು ಪಿಯರುಗಳಿವೆ. 1863ರ ನಾರ್ತ್ ಪಿಯರ್ ಮಾತ್ರ ನನಗೆ ಇಷ್ಟವಾಯಿತು, ಅಲ್ಲಿ ಗದ್ದಲ ಕಡಿಮೆ. ಉಳಿದೆರಡರಲ್ಲಿ ನಾಣ್ಯ ನುಂಗುವ ಯಂತ್ರಗಳೇ ಹೆಚ್ಚು.

ಬ್ರೈಟನ್ ಗೆಲ್ಲುವುದು ದಂಡೆ ಬಿಟ್ಟು ಊರೊಳಗೆ ಬಂದ ಮೇಲೆ. ರಾಯಲ್ ಪೆವಿಲಿಯನ್ ಎದುರು ನಿಂತರೆ ಮೈಸೂರು ನೆನಪಾಗದ ಕನ್ನಡಿಗರು ಇರಲಾರರು. ಗುಮ್ಮಟಗಳು, ಸಣ್ಣ ಮಿನಾರುಗಳು, ಜಾಲಂದರಗಳು. ಮುಂದೆ ನಾಲ್ಕನೆಯ ಜಾರ್ಜ್ ಆದ ರಾಜಕುಮಾರನಿಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ ಇದಕ್ಕೆ ಈ ರೂಪ ಕೊಟ್ಟ. ಕಟ್ಟಿಸಿದವನೂ ಕಟ್ಟಿದವನೂ ಭಾರತವನ್ನು ಕಂಡವರಲ್ಲ. ಹೆನ್ರಿ ಇರ್ವಿನ್ ಕಟ್ಟಿದ ಮೈಸೂರಿನ ಅಂಬಾವಿಲಾಸ ಅರಮನೆ ಮುಗಿದದ್ದು 1912ರಲ್ಲಿ. ಅಂದರೆ ಈ ಬಗೆಯ ಗುಮ್ಮಟಗಳನ್ನು ಇಂಗ್ಲಿಷರು ಮೈಸೂರಿಗಿಂತ ಸುಮಾರು ತೊಂಬತ್ತು ವರ್ಷ ಮೊದಲೇ ತಮ್ಮ ಕಡಲ ಬದಿಯಲ್ಲಿ ಎಬ್ಬಿಸಿದ್ದರು. ಒಳಗೆ ಹೋದರೆ ಎಲ್ಲವೂ ಚೀನಾದ ಕಲ್ಪನೆ. ಊಟದ ಕೋಣೆಯಲ್ಲಿ ತೂಗುದೀಪವನ್ನು ಹಿಡಿದಿರುವುದು ಒಂದು ದೊಡ್ಡ ಡ್ರ್ಯಾಗನ್. "ಹೊರಗೆ ನಮ್ಮದು, ಒಳಗೆ ಅವರದೂ ಅಲ್ಲ" ಎಂದಳು ಆಯಿ.

ಅವಳನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಹಳೆಯ ಫೋಟೋಗಳು. ಮೊದಲ ಮಹಾಯುದ್ಧದಲ್ಲಿ, 1914ರ ಕೊನೆಯಿಂದ 1916ರ ಆರಂಭದವರೆಗೆ, ಈ ಅರಮನೆ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಆ ತೂಗುದೀಪಗಳ ಕೆಳಗೆ ಸಾಲು ಹಾಸಿಗೆ. ಅವರವರ ಆಚಾರಕ್ಕೆ ತಕ್ಕಂತೆ ಒಂಬತ್ತು ಬೇರೆ ಬೇರೆ ಅಡುಗೆಮನೆಗಳು, ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನೀರಿನ ನಲ್ಲಿಗಳು. ತೀರಿಕೊಂಡ ಮುಸಲ್ಮಾನ ಸೈನಿಕರನ್ನು ವೋಕಿಂಗ್‌ನಲ್ಲಿ ಮಣ್ಣು ಮಾಡಿದರು. ಹಿಂದೂ ಮತ್ತು ಸಿಖ್ ಸೈನಿಕರನ್ನು ಊರ ಹೊರಗಿನ ಗುಡ್ಡಕ್ಕೆ ಒಯ್ದು ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಎದ್ದದ್ದು ಛತ್ರಿ ಎಂದು ಕರೆಯುವ ಬಿಳಿ ಅಮೃತಶಿಲೆಯ ಸ್ಮಾರಕ ಮಂಟಪ.

ಮಾರನೆಯ ಬೆಳಿಗ್ಗೆ ಆಯಿ ಅಲ್ಲಿಗೆ ಹೋಗಲೇಬೇಕೆಂದಳು. ಪ್ಯಾಚಂವರೆಗೆ ಬಸ್ಸು, ಅಲ್ಲಿಂದ ಹೆದ್ದಾರಿಯನ್ನು ದಾಟುವ ಸೇತುವೆ, ಆಮೇಲೆ ಹುಲ್ಲುಗುಡ್ಡದ ಕಾಲುದಾರಿ. ವಾಹನ ಹೋಗುವುದಿಲ್ಲ. ಬೆಣಚುಕಲ್ಲಿನ ಮೇಲೆ ಹತ್ತು ಹೆಜ್ಜೆ ಇಡಲಾಗದವಳು ಆ ಏರನ್ನು ನಿಂತು ನಿಂತು ಹತ್ತಿದಳು. ಸುತ್ತ ಕುರಿಗಳು, ಕೆಳಗೆ ಊರು, ಅದರಾಚೆ ಕಡಲು. ಎಂಟು ಕಂಬದ ಸಣ್ಣ ಮಂಟಪ, ಮುಂದೆ ಚಿತೆಯ ಕಟ್ಟೆಗಳನ್ನು ಮುಚ್ಚಿದ ಮೂರು ಕಲ್ಲುಚಪ್ಪಡಿಗಳು. ಹತ್ತಿರದಲ್ಲೇ, 2010ರಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ 53 ಹೆಸರುಗಳು. ಆಯಿ ಚಪ್ಪಲಿ ಕಳಚಿ ನಿಂತಳು. "ಇವರ ಮನೆಯವರು ಯಾರಾದರೂ ಇಲ್ಲಿಗೆ ಬಂದಿದ್ದಾರಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾವಿದ್ದ ಮುಕ್ಕಾಲು ತಾಸಿನಲ್ಲಿ ನಾಯಿಯನ್ನು ಕರೆದುಕೊಂಡು ಬಂದ ಒಬ್ಬ ಮುದುಕರನ್ನು ಬಿಟ್ಟರೆ ಯಾರೂ ಬರಲಿಲ್ಲ. ಕೆಳಗೆ ದಂಡೆಯ ತುಂಬ ಜನ, ಅವರಲ್ಲಿ ನಮ್ಮ ದೇಶದವರೂ ಬಹಳ. ಬ್ರೈಟನ್ನಿಗೆ ಹೋಗಿ ಛತ್ರಿಯನ್ನು ನೋಡದೆ ಬರುವವರ ಬಗ್ಗೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅರ್ಧ ದಿನವನ್ನು ಅದಕ್ಕೆಂದೇ ಇಡಿ. ಮಳೆಯ ಮರುದಿನ ಮಾತ್ರ ಬೇಡ, ಆ ಸುಣ್ಣದ ಮಣ್ಣು ಬಹಳ ಜಾರುತ್ತದೆ.

ಬ್ಲ್ಯಾಕ್‌ಪೂಲಿನಲ್ಲಿ ಅರಮನೆಯಿಲ್ಲ. ಅದನ್ನು ಊರಾಗಿ ಬೆಳೆಸಿದವರು ಲ್ಯಾಂಕಶೈರಿನ ಹತ್ತಿಗಿರಣಿಯ ಕೆಲಸಗಾರರು. 1846ರಲ್ಲಿ ರೈಲು ಬಂತು. ಬೇಸಿಗೆಯಲ್ಲಿ ಒಂದೊಂದು ಗಿರಣಿಯೂರೂ ಸರದಿಯ ಪ್ರಕಾರ ಒಂದೊಂದು ವಾರ ಯಂತ್ರ ನಿಲ್ಲಿಸುತ್ತಿತ್ತು. ಆ ವಾರ ಊರಿಗೆ ಊರೇ ರೈಲು ಹತ್ತಿ ಇಲ್ಲಿಗೆ ಬರುತ್ತಿತ್ತು. ಅಕ್ಕಪಕ್ಕದ ಮನೆಯವರು ಇಲ್ಲಿಯೂ ಅಕ್ಕಪಕ್ಕದ ಕೋಣೆಗಳಲ್ಲಿ ಉಳಿಯುತ್ತಿದ್ದರು.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಎಳೆ ಇದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು ಲ್ಯಾಂಕಶೈರಿನ ಗಿರಣಿಗಳು ಉಪವಾಸ ಬಿದ್ದವು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ತರಿಸಿಕೊಳ್ಳಬೇಕೆಂದು ಮ್ಯಾಂಚೆಸ್ಟರಿನವರು ಪಟ್ಟುಹಿಡಿದರು. 1862ರಲ್ಲಿ ನಮ್ಮ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕವೂ ಇತ್ತು. ನಮ್ಮ ಜಿಲ್ಲೆಯ ಗಡಿಯನ್ನು ಎಳೆದ ಹತ್ತಿಯನ್ನು ನೂತವರು ವರ್ಷಕ್ಕೊಮ್ಮೆ ಉಸಿರಾಡಲು ಬರುತ್ತಿದ್ದ ದಂಡೆ ಇದು. ಗೊತ್ತಾದ ಮೇಲೆ ಆ ಮರಳು ನನಗೆ ಪರದೇಶದ್ದು ಅನ್ನಿಸಲಿಲ್ಲ.

1894ರ ಬ್ಲ್ಯಾಕ್‌ಪೂಲ್ ಟವರ್ ಪ್ಯಾರಿಸಿನ ಐಫೆಲ್ ಗೋಪುರವನ್ನು ನೋಡಿ ಕಟ್ಟಿದ್ದು, 158 ಮೀಟರ್ ಎತ್ತರ. ಮೇಲೆ ಗಾಜಿನ ನೆಲವಿದೆ. ಮಗಳು ಅದರ ಮೇಲೆ ಕುಣಿದಳು, ನಾನು ಅಂಚಿನಲ್ಲೇ ಉಳಿದೆ. ಆದರೆ ಹಣ ಕೊಟ್ಟು ಒಂದೇ ಒಂದನ್ನು ನೋಡುವುದಾದರೆ ಗೋಪುರದ ಬುಡದಲ್ಲಿರುವ ನೃತ್ಯಮಂದಿರವನ್ನು ನೋಡಿ. ಚಿನ್ನದ ಬಣ್ಣದ ಉಪ್ಪರಿಗೆಗಳು, ಚಿತ್ರ ಬರೆದ ಮಾಳಿಗೆ, ಮೂವತ್ತು ಸಾವಿರಕ್ಕೂ ಹೆಚ್ಚು ಮರದ ತುಂಡುಗಳನ್ನು ಜೋಡಿಸಿದ ನೆಲ. ವೇದಿಕೆಯ ಮೇಲೆ ಒಬ್ಬರು ದೊಡ್ಡ ವುರ್ಲಿಟ್ಜರ್ ಆರ್ಗನ್ ನುಡಿಸುತ್ತಾರೆ. ಎಂಬತ್ತು ದಾಟಿದಂತೆ ಕಾಣುವ ಗಂಡ ಹೆಂಡತಿಯರು ಕೈ ಹಿಡಿದು ನಿಧಾನವಾಗಿ ಸುತ್ತುತ್ತಾರೆ. ನಾವು ಚಹಾ ತೆಗೆದುಕೊಂಡು ಎರಡು ತಾಸು ಕುಳಿತೆವು. ಒಬ್ಬ ಅಜ್ಜಿ ಬಂದು ಮಗಳನ್ನು ಕರೆದೊಯ್ದು ಹೆಜ್ಜೆ ಕಲಿಸಿದರು. ಗಿರಣಿಯ ಹುಡುಗಿಯರೂ ಒಂದು ವಾರ ಇಂಥ ಮಾಳಿಗೆಯ ಕೆಳಗೆ ಕುಣಿಯಲಿ ಎಂದು ಯಾರೋ ಯೋಚಿಸಿದ್ದರಲ್ಲ, ಆ ಯೋಚನೆಗೆ ನನ್ನ ಗೌರವ.

ಊಟದ ವಿಷಯದಲ್ಲಿ ಎಚ್ಚರ ಬೇಕು. ಉತ್ತರ ಇಂಗ್ಲೆಂಡಿನ ಬಹಳಷ್ಟು ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನು ಹಳೆಯ ರೂಢಿಯಂತೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಆಯಿ ಸಸ್ಯಾಹಾರಿ. ನಾನು ಬ್ಲ್ಯಾಕ್‌ಪೂಲಿನಲ್ಲಿ ಮೂರು ಅಂಗಡಿ ವಿಚಾರಿಸಿ, ಎಣ್ಣೆಯಲ್ಲಿ ಕರಿಯುವ ನಾಲ್ಕನೆಯದಕ್ಕೆ ಹೋದೆ. ಕೇಳಲು ಸಂಕೋಚ ಬೇಡ, ನೇರವಾಗಿ ಹೇಳುತ್ತಾರೆ. ಬ್ರೈಟನ್ನಿನಲ್ಲಿ ಈ ಕಷ್ಟ ಕಡಿಮೆ. ಸಸ್ಯಾಹಾರಕ್ಕೆ ಹೆಸರಾದ ಊರು ಅದು, ನಾರ್ತ್ ಲೇನ್ ಬೀದಿಗಳಲ್ಲಿ ಹತ್ತು ಹೆಜ್ಜೆಗೊಂದು ಆಯ್ಕೆ ಸಿಗುತ್ತದೆ. ಕಡಲಕಾಗೆಗಳು ಎರಡೂ ಕಡೆ ಕೈಯಲ್ಲಿದ್ದದ್ದನ್ನು ಕಸಿಯುತ್ತವೆ. ಬ್ರೈಟನ್ನಿನಲ್ಲಿ ಮಗಳ ಐಸ್‌ಕ್ರೀಮ್ ಹೋಯಿತು.

ವಸತಿ ಬ್ಲ್ಯಾಕ್‌ಪೂಲಿನಲ್ಲಿ ಬಹಳ ಅಗ್ಗ, ನಾವು ಬ್ರೈಟನ್ನಿನಲ್ಲಿ ಕೊಟ್ಟದ್ದರ ಅರ್ಧವೂ ಆಗಲಿಲ್ಲ. ಆದರೆ ಹಳೆಯ ಕಾಲದ ಮನೆಗಳು, ಲಿಫ್ಟ್ ಇರುವುದಿಲ್ಲ. ನಮಗೆ ಮೂರನೆಯ ಮಹಡಿ ಕೊಟ್ಟಿದ್ದರು. ಕಾಯ್ದಿರಿಸುವಾಗಲೇ ನೆಲಮಹಡಿ ಕೇಳಿ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಜನ ವಿಮಾನ ಹತ್ತಿ ಸ್ಪೇನಿಗೆ ಹೋಗಲು ಶುರುಮಾಡಿದ ಮೇಲೆ ಬ್ಲ್ಯಾಕ್‌ಪೂಲ್ ಸೊರಗಿತು. ಇಂದು ಇಂಗ್ಲೆಂಡಿನ ಕಡುಬಡ ಊರುಗಳಲ್ಲಿ ಅದೂ ಒಂದು. ದಂಡೆಯಿಂದ ಎರಡು ಬೀದಿ ಹಿಂದೆ ಹೋದರೆ ಹಲಗೆ ಬಡಿದ ಕಿಟಕಿಗಳು ಕಾಣುತ್ತವೆ. ನೋಡಲು ನೋವಾಗುತ್ತದೆ. ಆದರೆ ಅಲ್ಲಿ ನಮ್ಮೊಡನೆ ಮಾತನಾಡಿದಷ್ಟು ಜನ, ಟ್ರಾಮಿನಲ್ಲಿ ಆಯಿಗೆ ಎದ್ದು ಜಾಗ ಕೊಟ್ಟಷ್ಟು ಜನ ಬ್ರೈಟನ್ನಿನಲ್ಲಿ ಸಿಗಲಿಲ್ಲ.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ಗೆಳೆಯರೊಡನೆಯೋ ಒಬ್ಬರೇ ಆಗಿಯೋ ಹೋಗುವುದಾದರೆ, ಹಳೆಯ ಕಾಲವನ್ನು ಹುಡುಕಿಕೊಂಡು ನಡೆಯುವ ಶಕ್ತಿ ಇದ್ದರೆ, ಬ್ರೈಟನ್. ಊರಿನಿಂದ ಬಂದ ಹಿರಿಯರಿಗೆ, ಸಣ್ಣ ಮಕ್ಕಳಿಗೆ ಕಡಲು ತೋರಿಸುವುದಾದರೆ ಬ್ಲ್ಯಾಕ್‌ಪೂಲ್. ಅದೂ ಸೆಪ್ಟೆಂಬರಿನಲ್ಲಿ, ದೀಪಗಳು ಹತ್ತಿದ ಮೇಲೆ. 1879ರಲ್ಲಿ ಎಂಟು ವಿದ್ಯುದ್ದೀಪಗಳಿಂದ ಆರಂಭವಾದ ಆ ದೀಪೋತ್ಸವ ಈಗ ದಂಡೆಯುದ್ದಕ್ಕೂ ಹತ್ತು ಕಿಲೋಮೀಟರ್ ಹಬ್ಬಿದೆ.

ಆ ರಾತ್ರಿ ಟ್ರಾಮಿನ ಕಿಟಕಿಗೆ ಮುಖ ಒತ್ತಿಕೊಂಡು ಅಜ್ಜಿ ಮೊಮ್ಮಗಳು ಕೊನೆಯ ನಿಲ್ದಾಣದವರೆಗೂ ಹೋದರು. ಇಳಿದು, ಅದೇ ಟ್ರಾಮಿನಲ್ಲಿ ವಾಪಸು ಬರೋಣವೆಂದು ಆಯಿಯೇ ಹೇಳಿದಳು. ಬರುವಾಗ ಅವಳು ದೀಪಗಳ ಕಡೆಗೆ ಕುಳಿತುಕೊಳ್ಳಲಿಲ್ಲ. ಕತ್ತಲಲ್ಲಿ ಕಡಲು ಇರುವ ಬದಿಯ ಆಸನಕ್ಕೆ ಹೋದಳು. "ಇದು ಪಡುವಣ, ಅಲ್ಲವಾ ತಮಾ?" ಎಂದಳು. ಹೌದು, ಬ್ಲ್ಯಾಕ್‌ಪೂಲಿನಲ್ಲಿಯೂ ಕಡಲಿರುವುದು ಪಡುವಣಕ್ಕೇ.