ಗೀಸರ್ ಪ್ಲಗ್ಗಿಗೆ ಟಾಸ್ಮೋಟಾ: ಎರಡು ಮಳೆಗಾಲ ಕಳೆದ ಮೇಲೆ

ನಮ್ಮದು ಸಾಗರದ ಕಡೆಯ ಹಳ್ಳಿ. ಬಚ್ಚಲಲ್ಲಿ ಹಂಡೆ ಒಲೆ ಈಗಲೂ ಇದೆ. ಮಳೆಗಾಲದಲ್ಲಿ ಒಣ ಸೌದೆ ಸಿಗುವುದು ಕಷ್ಟ ಅಂತ 2 ಕಿಲೋವ್ಯಾಟಿನ ಗೀಸರ್ ಹಾಕಿಸಿದೆವು. ಅದನ್ನು ಆಫ್ ಮಾಡಲು ಮರೆಯುವವರು ಮನೆಯಲ್ಲಿ ಒಬ್ಬಿಬ್ಬರಲ್ಲ, ನಾನೂ ಸೇರಿ. ಅದಕ್ಕೇ ಫೋನಿನಿಂದ ಆನ್-ಆಫ್ ಮಾಡಬಹುದಾದ 16 ಆಂಪಿಯರಿನ ವೈಫೈ ಪ್ಲಗ್ ತಂದೆ.

ಕಂಪನಿಯ ಆ್ಯಪ್ ಜೊತೆ ಮೂರು ತಿಂಗಳು ಏಗಿದೆ. ಬಚ್ಚಲ ಬಾಗಿಲಲ್ಲೇ ನಿಂತು ಒತ್ತಿದರೂ ಅದು ಎಲ್ಲೋ ಇರುವ ಸರ್ವರಿಗೆ ಹೋಗಿ ಬರಬೇಕು. ಮರ ಬಿದ್ದು ಫೈಬರ್ ತುಂಡಾದರೆ ಕಥೆ ಮುಗಿಯಿತು. ಕರೆಂಟಿದೆ, ಮನೆಯ ವೈಫೈ ಇದೆ, ಪ್ಲಗ್ ಮಾತ್ರ ಆಫ್‌ಲೈನ್! ಆಗ ಥಿಯೋ ಅರೆಂಡ್ಸ್ ಶುರು ಮಾಡಿದ ಟಾಸ್ಮೋಟಾ ಎಂಬ ಉಚಿತ ಫರ್ಮ್‌ವೇರ್ (ಚಿಪ್ಪಿನಲ್ಲಿ ಕೂತು ಪ್ಲಗ್ಗನ್ನು ನಡೆಸುವ ತಂತ್ರಾಂಶ) ಹಾಕೋಣ ಅನ್ನಿಸಿತು. ಅದಕ್ಕೆ ಕಂಪನಿಯ ಸರ್ವರ್ ಬೇಕಿಲ್ಲ.

ಪ್ಲಗ್ ಬಿಚ್ಚುವುದೇ ದೊಡ್ಡ ಕೆಲಸ. ಸ್ಕ್ರೂ ಇಲ್ಲ, ಎಲ್ಲ ಅಂಟು. ಒಳಗೆ ಇಎಸ್‌ಪಿ8266 ಎಂಬ ವೈಫೈ ಚಿಪ್ ಇತ್ತು, ಟಾಸ್ಮೋಟಾ ಕೂರುವಂಥದು. 3.3 ವೋಲ್ಟ್, ಗ್ರೌಂಡ್, ಟಿಎಕ್ಸ್ (ಡೇಟಾ ಕಳಿಸುವುದು), ಆರ್‌ಎಕ್ಸ್ (ಡೇಟಾ ಪಡೆಯುವುದು) ಅಂತ ನಾಲ್ಕು ವೈರ್ ಬೆಸುಗೆ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಯುಎಸ್‌ಬಿ ಅಡಾಪ್ಟರಿಗೆ ಕೊಟ್ಟೆ. ಟಿಎಕ್ಸ್ ಹೋಗಿ ಆರ್‌ಎಕ್ಸ್‌ಗೆ ಸೇರಬೇಕು. ನಾನು ಟಿಎಕ್ಸನ್ನು ಟಿಎಕ್ಸ್‌ಗೇ ಕೊಟ್ಟು ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಚಿಪ್ಪಿನ ಜಿಪಿಐಓ 0 ಎಂಬ ಕಾಲನ್ನು (ಪಿನ್) ಗ್ರೌಂಡಿಗೆ ತಾಗಿಸಿ ಪವರ್ ಕೊಟ್ಟರೆ ಮಾತ್ರ ಚಿಪ್ ಹೊಸ ಫರ್ಮ್‌ವೇರ್ ತೆಗೆದುಕೊಳ್ಳುತ್ತದೆ. ಹಳೆಯದನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಟ್ಟುಕೊಂಡಿದ್ದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ವೈರ್‌ಗಳು ಇರುವಾಗ ಪ್ಲಗ್ಗನ್ನು ಗೋಡೆ ಸಾಕೆಟ್ಟಿಗೆ ಹಾಕಲೇಬೇಡಿ. ಇಂಥ ಪ್ಲಗ್ಗುಗಳ ಒಳಗಿನ ಗ್ರೌಂಡ್ ಸಾಮಾನ್ಯವಾಗಿ ಮೇನ್ಸ್ ಕರೆಂಟಿನಿಂದ ಬೇರೆಯಾಗಿರುವುದಿಲ್ಲ. ಲ್ಯಾಪ್‌ಟಾಪ್ ಹೋಗುತ್ತದೆ, ನೀವೂ ಹೋಗಬಹುದು.

ಆಮೇಲಿನದು ಸಲೀಸು. ಪ್ಲಗ್ ತನ್ನದೇ ವೈಫೈ ಬಿಡುತ್ತದೆ, 192.168.4.1 ತೆರೆದು ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಕೊಡಬೇಕು. ರಿಲೇ (ಗೀಸರಿಗೆ ಕರೆಂಟು ಬಿಡುವ ಒಳಗಿನ ಸ್ವಿಚ್ಚು) ಚಿಪ್ಪಿನ ಯಾವ ಕಾಲಿಗೆ, ಗುಂಡಿ ಯಾವುದಕ್ಕೆ ಅಂತ ಹೇಳುವ ಟೆಂಪ್ಲೇಟ್ ಹಾಕಬೇಕು. ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಪಲ್ಸ್‌ಟೈಮ್, ಆನ್ ಆದ ಇಷ್ಟು ಹೊತ್ತಿಗೆ ಆಫ್ ಆಗು ಅಂತ ಹೇಳುವ ಸೆಟ್ಟಿಂಗ್. ಬೇಕಾದ ಸೆಕೆಂಡಿಗೆ 100 ಸೇರಿಸಿ ಕೊಡಬೇಕು: 1300 ಅಂದರೆ 1200 ಸೆಕೆಂಡು, 20 ನಿಮಿಷ. ಅಮ್ಮ ಪ್ಲಗ್ಗಿನ ಗುಂಡಿ ಒತ್ತಿ ಹೋಗುತ್ತಾಳೆ, 20 ನಿಮಿಷಕ್ಕೆ ತಾನಾಗಿಯೇ ಆಫ್. ಫೋನೂ ಬೇಡ, ಇಂಟರ್ನೆಟ್ಟೂ ಬೇಡ.

ಬೆಳಗಿನ ಟೈಮರ್ ಮಾತ್ರ ನಂಬಬೇಡಿ. ಪ್ಲಗ್ಗಿನಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದಾಗ ಇಂಟರ್ನೆಟ್ಟಿಂದ ಗಂಟೆ ಕೇಳುತ್ತದೆ. ಅದೂ ಇಲ್ಲದಿದ್ದರೆ ಅದಕ್ಕೆ ಹೊತ್ತೇ ಗೊತ್ತಿಲ್ಲ, ತಣ್ಣೀರ ಸ್ನಾನ.

ಮೊದಲ ಮಳೆಗಾಲದಲ್ಲಿ ಒಂದು ಸಂಜೆ ಗುಡುಗು ಸಿಡಿಲು. ಕರೆಂಟು ಬಂತು, ಹೋಯ್ತು, ಬಂತು, ಹೋಯ್ತು. ಆಮೇಲೆ ಗುಂಡಿ ಒತ್ತಿದರೂ ಗೀಸರ್ ಹತ್ತಲಿಲ್ಲ. ಸಿಡಿಲಿಗೆ ಸುಟ್ಟೇಹೋಯಿತು ಅಂದುಕೊಂಡೆ. ನೋಡಿದರೆ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿತ್ತು. ಬೇಗ ಬೇಗ ಆರೇಳು ಸಲ ಆಫ್-ಆನ್ ಮಾಡಿದರೆ ಟಾಸ್ಮೋಟಾ ಹೊಸದರಂತೆ ರೀಸೆಟ್ ಆಗುತ್ತದೆ, ಕೈತಪ್ಪಿದ ಪ್ಲಗ್ಗನ್ನು ಸರಿಪಡಿಸಲು ಇಟ್ಟ ದಾರಿ ಅದು. ನಮ್ಮೂರ ಲೈನು ಆ ಕೆಲಸವನ್ನು ತಾನೇ ಮಾಡಿತ್ತು! ಸೂಚನೆ ಓದದಿದ್ದದ್ದು ನನ್ನದೇ ತಪ್ಪು. ಆ ರೀಸೆಟ್ ಆಗದಂತೆ ಸೆಟ್‌ಆಪ್ಷನ್65 ಅನ್ನು 1 ಮಾಡಿದೆ. ಪವರ್‌ಆನ್‌ಸ್ಟೇಟ್ 0 ಕೂಡ ಮಾಡಿದೆ, ಈಗ ಕರೆಂಟು ಬಂದಾಗ ಗೀಸರ್ ತಾನಾಗಿ ಹತ್ತುವುದಿಲ್ಲ. ಆಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ.

ಪ್ಲಗ್ ತೋರಿಸುವ ವ್ಯಾಟ್ ಲೆಕ್ಕ ಮೊದಲು ಸರಿ ಇರಲಿಲ್ಲ. 100 ವ್ಯಾಟಿನ ಬಲ್ಬು ಹಾಕಿ ಸರಿಮಾಡಿ ಅನ್ನುತ್ತಾರೆ, ಆದರೆ ನಮ್ಮಲ್ಲಿ 230 ವೋಲ್ಟ್ ಬರುವುದೇ ಅಪರೂಪ. ಆ ಬಲ್ಬು 100 ಎಳೆಯುವುದೆಲ್ಲಿಂದ? ಎಲೆಕ್ಟ್ರಿಷಿಯನ್ ಹತ್ತಿರದ ಮೀಟರ್ ಇಟ್ಟು ಹೊಂದಿಸಿದೆ. ಆ ಹೊತ್ತಿಗೇ ಪ್ಲಗ್ ಕೈಗೆ ಬಿಸಿ ಹತ್ತಿದ್ದು ಗೊತ್ತಾಯಿತು. ಗೋಡೆಯ ಹಳೆ ಸಾಕೆಟ್ಟಿನ ಹಿಡಿತ ಸಡಿಲವಾಗಿತ್ತು. ಸಾಕೆಟ್ ಬದಲಾಯಿಸಿದ ಮೇಲೆ ಬಿಸಿ ಕಡಿಮೆಯಾಯಿತು. ಇದಕ್ಕೆ ಯಾವ ಫರ್ಮ್‌ವೇರೂ ಮದ್ದಲ್ಲ, ಅಲ್ವಾ?

ಕಳೆದ ವರ್ಷ ಪಂಪ್‌ಸೆಟ್ ಮನೆಯ ಲೈಟಿಗೆ ಅಂತ ಅದೇ ಪ್ಲಗ್ ಇನ್ನೊಂದು ತರಿಸಿದೆ. ಅದೇ ಪೆಟ್ಟಿಗೆ, ಅದೇ ಚಿತ್ರ. ಬಿಚ್ಚಿದರೆ ಒಳಗೆ ಬೆಕೆನ್ ಎಂಬ ಬೇರೆ ಕಂಪನಿಯ ಚಿಪ್! ಅದಕ್ಕೆ ಟಾಸ್ಮೋಟಾ ಕೂರುವುದಿಲ್ಲ, ಓಪನ್‌ಬೆಕೆನ್ ಎಂಬ ಬೇರೆ ಫರ್ಮ್‌ವೇರ್ ಬೇಕು. ಅಷ್ಟು ಹೊತ್ತಿಗೆ ಕವಚ ಬಿರುಕು ಬಿಟ್ಟಿತ್ತು, ವಾಪಸ್ ಕೊಡುವ ಹಾಗೂ ಇಲ್ಲ. ಅದು ಅಟ್ಟದ ಮೇಲಿದೆ.