ದಾವಣಗೆರೆಯಲ್ಲಿ ಅಯೋವಾದ ಪಾಠ: ಮಕ್ಕಳ ಭೂಗೋಳ ಶಿಬಿರವೊಂದರ ವಿಮರ್ಶೆ

ಅಮೆರಿಕವೆಂದರೆ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳೆಂದೇ ನಂಬಿರುವ ಮಕ್ಕಳಿಗೆ, 99 ಕೌಂಟಿಗಳಿರುವ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಅಯೋವಾ ರಾಜ್ಯದ ವಿನೆಶೀಕ್ ಎಂಬ ಗ್ರಾಮೀಣ ಕೌಂಟಿಯನ್ನು ಪರಿಚಯಿಸಲು ದಾವಣಗೆರೆಯ ಮಕ್ಕಳ ಗ್ರಂಥಾಲಯವೊಂದು ಬೇಸಿಗೆ ರಜೆಯಲ್ಲಿ ನಡೆಸಿದ ಶಿಬಿರಕ್ಕೆ ನಮ್ಮ ಮಗಳನ್ನು ಸೇರಿಸಿದ್ದೆವು.

ಮೆಕ್ಕೆಜೋಳದ ಪಾಠವೇ ಇಡೀ ಶಿಬಿರದ ಜೀವಾಳ. ಎಪಿಎಂಸಿ ಅಂಗಳದಲ್ಲಿ ಹರವಿದ ಜೋಳವನ್ನು ನೋಡುತ್ತಲೇ ಬೆಳೆದ ಮಕ್ಕಳ ಕೈಗೆ ಶಿಕ್ಷಕಿ ಒಂದೊಂದು ತೆನೆ ಕೊಟ್ಟು, ಕಾಳಿನ ಸಾಲುಗಳನ್ನು ಎಣಿಸಲು ಹೇಳಿ (ಅವು ಸಾಮಾನ್ಯವಾಗಿ ಸರಿಸಂಖ್ಯೆಯಲ್ಲೇ ಇರುತ್ತವೆಂಬುದು ನಮಗೂ ಹೊಸ ವಿಷಯ), ಅಯೋವಾದ ಬೆಳೆಯ ಬಹುಪಾಲು ಎಥೆನಾಲ್ ತಯಾರಿಕೆಗೂ ಹಂದಿ, ದನಗಳ ಆಹಾರಕ್ಕೂ ಹೋಗುತ್ತದೆಂದು ವಿವರಿಸಿದರು. ಅಲ್ಲಿನ ಮಕ್ಕಳು ಫೋರ್-ಎಚ್ ಎಂಬ ಮಕ್ಕಳ ಕ್ಲಬ್ಬುಗಳ ಮೂಲಕ ತಾವೇ ಸಾಕಿದ ಕರು, ಕುರಿಗಳನ್ನು ಕೌಂಟಿ ಜಾತ್ರೆಯಲ್ಲಿ ಪ್ರದರ್ಶನಕ್ಕಿಡುತ್ತಾರೆಂದಾಗ ನಮ್ಮವರಲ್ಲಿ ಪ್ರಶ್ನೆಗಳ ಸುರಿಮಳೆಯೇ ಆಯಿತು.

ಆಡಳಿತದ ಭಾಗ ಮಾತ್ರ ಅವಸರದ್ದು. ನಮ್ಮಲ್ಲಿ ಸರ್ಕಾರ ನೇಮಿಸುವ ಜಿಲ್ಲಾಧಿಕಾರಿ ಇದ್ದರೆ, ಅಲ್ಲಿ ಕೌಂಟಿಯ ಆಡಳಿತ ನಡೆಸುವ ಮೇಲ್ವಿಚಾರಕರ ಮಂಡಳಿಯೂ ಕಾನೂನು ಸುವ್ಯವಸ್ಥೆ ನೋಡಿಕೊಳ್ಳುವ ಶೆರಿಫ್ ಕೂಡ ಮತದಿಂದ ಆಯ್ಕೆಯಾಗುತ್ತಾರೆಂಬ ಮುಖ್ಯ ವ್ಯತ್ಯಾಸವನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು.

ನಮ್ಮ ನಿಜವಾದ ಆಕ್ಷೇಪ ಬೇರೆ. ಕೌಂಟಿಯ ಕೇಂದ್ರವಾದ ಡೆಕೋರಾದಲ್ಲಿ ನೆಲೆಸಿದ ನಾರ್ವೆ ವಲಸಿಗರ ಕಥೆಯನ್ನು ಸವಿಸ್ತಾರವಾಗಿ ಹೇಳಿದವರು, ಅದಕ್ಕೂ ಮೊದಲು ಅಲ್ಲಿದ್ದ ಹೋ-ಚಂಕ್ ಎಂಬ ಮೂಲನಿವಾಸಿ ಜನರನ್ನು 1848ರಲ್ಲಿ ಮಿನ್ನೆಸೋಟಾದ ಕಡೆಗೆ ಒಕ್ಕಲೆಬ್ಬಿಸಿದ್ದನ್ನು ಪ್ರಸ್ತಾಪಿಸಲೇ ಇಲ್ಲ. ಕೌಂಟಿಯ ಹೆಸರೇ ಆ ಜನರ ನಾಯಕನದ್ದಾಗಿರುವಾಗ ಈ ಮೌನ ಒಪ್ಪತಕ್ಕದ್ದಲ್ಲ. ಹತ್ತು ವರ್ಷ ದಾಟಿದ ಮಕ್ಕಳನ್ನು ಧಾರಾಳವಾಗಿ ಕಳುಹಿಸಬಹುದು; ಚಿಕ್ಕವರಿಗೆ ನಕ್ಷೆಯ ಅವಧಿ ಬೇಸರ ತರಿಸೀತು.